ಪಾಠ ಚೆಂದ ಇದೆ, ಸರಿ ಇದೆಯಾ?

ವಿಜ್ಞಾನ ಪಾಠಕ್ಕೆ ಸಾಮಗ್ರಿ ಸಿಗುವುದಿಲ್ಲ ಅನ್ನುವ ಕಾಲ ಮುಗಿಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾರವಾರದ ಕಡೆಯ ಎಷ್ಟೋ ಹೈಸ್ಕೂಲುಗಳಲ್ಲಿ ಗೋಡೆಗೆ ಎರಡು ಚಾರ್ಟು, ಕಪಾಟಿನಲ್ಲಿ ಒಂದಿಷ್ಟು ಪ್ರನಾಳ, ಮೇಜಿನ ಮೇಲೊಂದು ಗ್ಲೋಬು ಇದ್ದರೆ ಅದೇ ದೊಡ್ಡದು. ಈಗ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. 2017ರ ಶಿಕ್ಷಕರ ದಿನದಂದು ಶುರುವಾದ, ಸರ್ಕಾರದ ಡಿಜಿಟಲ್ ಪಾಠಗಳ ತಾಣ ದೀಕ್ಷಾ ಇದೆ. ಖರಗ್‌ಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ಕನ್ನಡದ ಶಿಕ್ಷಕರೇ ಬರೆದು ತುಂಬಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಇದೆ. ಇದರಾಚೆ ಯೂಟ್ಯೂಬು, ಶಿಕ್ಷಕರ ವಾಟ್ಸಾಪ್ ಗುಂಪುಗಳು, ಕೈಯಿಂದ ಕೈಗೆ ಓಡಾಡುವ ಪೆನ್ ಡ್ರೈವ್‌ಗಳು.

ಇದು ಒಳ್ಳೆಯದೇ. ಜೋಯಿಡಾದ ಕಾಡಿನ ಶಾಲೆಯಲ್ಲಿ ಕೂತ ಹುಡುಗಿಗೂ ಹೃದಯ ಬಡಿಯುವುದನ್ನು ತೆರೆಯ ಮೇಲೆ ತೋರಿಸಬಹುದು ಅಂದರೆ ಸಣ್ಣ ಮಾತಲ್ಲ. ಆದರೆ ರಾಶಿ ದೊಡ್ಡದಾದಷ್ಟೂ ನನಗೆ ಒಂದೇ ಚಿಂತೆ ಜಾಸ್ತಿಯಾಗುತ್ತಿದೆ. ಇದರಲ್ಲಿ ಯಾವುದನ್ನು ನಂಬಿ ತರಗತಿಗೆ ಒಯ್ಯಬಹುದು? ಅದನ್ನು ಯಾರು ನೋಡಿದ್ದಾರೆ? ಯಾವಾಗ ನೋಡಿದ್ದಾರೆ?

ಭರತಿ-ಇಳಿತದ ಪಾಠವನ್ನೇ ತೆಗೆದುಕೊಳ್ಳಿ. ಕಾರವಾರದಲ್ಲಿ ಈ ಪಾಠ ಮಾಡುವುದು ಶಿಕ್ಷಕರಿಗೆ ನಿಜವಾದ ಪರೀಕ್ಷೆ. ಬೈತಖೋಲ, ಮಾಜಾಳಿ ಕಡೆಯ ಮಕ್ಕಳಿಗೆ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ಪುಸ್ತಕ ಹೇಳಬೇಕಾಗಿಲ್ಲ. ದೋಣಿ ಯಾವಾಗ ಇಳಿಸಬೇಕು, ಚಿಪ್ಪಿಕಲ್ಲು ಆರಿಸಲು ಯಾವಾಗ ಹೋಗಬೇಕು ಅನ್ನುವುದು ಮನೆಯ ಮಾತಿನಲ್ಲೇ ಇರುತ್ತದೆ.

ಈ ಪಾಠದ ಒಂದು ಅನಿಮೇಶನ್ ತುಂಬ ಓಡಾಡುತ್ತಿದೆ. ನೀಲಿ ಭೂಮಿ, ಬೆಳ್ಳಗಿನ ಚಂದ್ರ. ಚಂದ್ರ ಇರುವ ಕಡೆಗೆ ಸಮುದ್ರ ಉಬ್ಬಿಕೊಂಡು ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಹಿತವಾದ ಸಂಗೀತ. 'ಚಂದ್ರನ ಗುರುತ್ವಾಕರ್ಷಣೆಯಿಂದ ಸಮುದ್ರದ ನೀರು ಉಬ್ಬುತ್ತದೆ' ಎಂಬ ವಿವರಣೆ. ನಾನು ಬೇಕೆಂದೇ ಏನೂ ಹೇಳದೆ ಅದನ್ನು ಒಂಬತ್ತನೇ ತರಗತಿಗೆ ತೋರಿಸಿದೆ. ಮುಗಿದ ಕೂಡಲೇ ಒಬ್ಬಳು ಎದ್ದು ನಿಂತಳು.

'ಟೀಚರ್, ಇದ್ರಲ್ಲಿ ದಿನಕ್ಕೆ ಒಂದೇ ಭರತಿ ಬರ್ತದೆ. ನಮ್ಮಲ್ಲಿ ಎರಡು ಸಲ ಬರ್ತದಲ್ಲ?'

ಅವಳ ಹಿಂದೆ ಕೂತವನು ಇನ್ನೂ ಮುಂದೆ ಹೋದ. 'ಅಮಾಸೆಗೆ ಚಂದ್ರ ಕಾಣೋದೇ ಇಲ್ಲ. ಆದ್ರೂ ನೀರು ಜೋರು ಏರ್ತದೆ, ಯಾಕೆ?'

ಎರಡೂ ಪ್ರಶ್ನೆ ಆ ಅನಿಮೇಶನ್ನಿನ ಬುಡಕ್ಕೇ ಬಂದವು. ಚಂದ್ರ ಎಳೆಯುವುದು ನಿಜ. ಆದರೆ ಅದು ಇಡೀ ಭೂಮಿಯನ್ನು ಎಳೆಯುತ್ತದೆ. ಹತ್ತಿರದ ಮಗ್ಗುಲಿನ ನೀರಿನ ಮೇಲೆ ಎಳೆತ ಸ್ವಲ್ಪ ಜಾಸ್ತಿ, ಭೂಮಿಯ ನಡುವಿನ ಮೇಲೆ ಅದಕ್ಕಿಂತ ಕಡಿಮೆ, ಆಚೆ ಮಗ್ಗುಲಿನ ಮೇಲೆ ಇನ್ನೂ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಕಡೆ ಉಬ್ಬು ಬರುತ್ತದೆ. ಭೂಮಿ ತಿರುಗುತ್ತಿರುವಾಗ ಚಂದ್ರನೂ ಮುಂದೆ ಸಾಗಿರುತ್ತಾನೆ. ಹಾಗಾಗಿ ನಮ್ಮ ದಂಡೆ ಮತ್ತೆ ಚಂದ್ರನ ಎದುರು ಬರಲು ಸುಮಾರು 24 ಗಂಟೆ 50 ನಿಮಿಷ ಬೇಕು. ಒಂದು ಭರತಿಯಿಂದ ಇನ್ನೊಂದು ಭರತಿಗೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಸೂರ್ಯನ ಪ್ರಭಾವವೂ ಇದೆ, ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಎರಡೂ ಸಲ ನೀರು ಜೋರಾಗಿ ಏರುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದು.

ಇಷ್ಟಕ್ಕೇ ಮುಗಿಯಲಿಲ್ಲ. ದಂಡೆಯ ಆಕಾರ, ಸಮುದ್ರದ ತಳದ ಆಳ ಕೂಡ ಲೆಕ್ಕಕ್ಕೆ ಬರುತ್ತವೆ. ಕಾರವಾರದಲ್ಲಿ ಜೋರು ಭರತಿಯ ದಿನವೂ ಏರಿಳಿತದ ಅಂತರ 2 ಮೀಟರ್ ಆಸುಪಾಸು. ಗುಜರಾತಿನ ಭಾವನಗರದ ಕಡೆ ಅದು 10 ಮೀಟರ್ ದಾಟುತ್ತದೆ. ಚಂದ್ರ ಒಬ್ಬನೇ ಅಲ್ವಾ? ನಮ್ಮಲ್ಲಿ ದಿನದ ಎರಡು ಭರತಿಗಳೂ ಒಂದೇ ಎತ್ತರದವಲ್ಲ. ಇದನ್ನೆಲ್ಲ ಹೇಳುತ್ತ ಹೋದಾಗ ಮಕ್ಕಳು ತಲೆ ಅಲ್ಲಾಡಿಸಿದ್ದು ಸುಮ್ನೆ ಅಲ್ಲ, ನೋಡಿದ್ದು ನೆನಪಾಗಿ.

ಈಗ ಒಂದು ಮಾತು ಗಮನಿಸಿ. ಆ ಅನಿಮೇಶನ್ನಿನ ವಿವರಣೆಯಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಮೇಜಿನ ಮುಂದೆ ಕೂತ ತಜ್ಞರು ಅದನ್ನು ಓದಿ 'ಸರಿ ಇದೆ' ಅಂತ ಸಹಿ ಹಾಕಿಬಿಡಬಹುದು. ತಪ್ಪಿರುವುದು ಅದು ಬಿಟ್ಟುಬಿಟ್ಟಿದ್ದರಲ್ಲಿ. ಅದನ್ನು ಹಿಡಿದವರು ಹದಿನಾಲ್ಕು ವರ್ಷದ ಮಕ್ಕಳು. ಹಾಗಾಗಿ ನನ್ನ ನಂಬಿಕೆ ಇಷ್ಟು: ವಿಜ್ಞಾನದ ಪಾಠ ಸರಿಯೋ ತಪ್ಪೋ ಅನ್ನುವುದು ಗ್ರಂಥಾಲಯದ ಬಾಗಿಲಲ್ಲಿ ಒಂದು ಸಲ ತೀರ್ಮಾನವಾಗುವ ವಿಷಯವಲ್ಲ. ತರಗತಿಯಲ್ಲಿ ಏನಾಯಿತು ಅನ್ನುವ ದಾಖಲೆ ಪಾಠದ ಜೊತೆಯಲ್ಲೇ ಇರಬೇಕು, ಅದನ್ನು ನೋಡಿ ತಿದ್ದುವವರೊಬ್ಬರು ಇರಬೇಕು.

ಈ ಯೋಚನೆ ಹೊಸದೇನೂ ಅಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 1997ರಲ್ಲಿ ಶುರುಮಾಡಿದ ಮರ್ಲಾಟ್ ಎಂಬ ಸಂಗ್ರಹದಲ್ಲಿ ಅದೇ ವಿಷಯ ಕಲಿಸುವ ಅಧ್ಯಾಪಕರು ಸಾಮಗ್ರಿಯನ್ನು ಮೂರು ಬಗೆಯಲ್ಲಿ ಪರೀಕ್ಷಿಸುತ್ತಾರೆ. ವಿಷಯ ಸರಿ ಇದೆಯಾ, ಕಲಿಸಲು ನಿಜವಾಗಿ ಉಪಯೋಗಕ್ಕೆ ಬರುತ್ತದಾ, ಬಳಸಲು ಸುಲಭವಾ. ಭೂವಿಜ್ಞಾನದ ಬೋಧನೆಗೆಂದೇ ಅಮೆರಿಕದಲ್ಲಿ ಕಟ್ಟಿದ ಡಿಎಲ್‌ಇಎಸ್‌ಇ ಎಂಬ ಡಿಜಿಟಲ್ ಗ್ರಂಥಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ತಜ್ಞರ ಅಭಿಪ್ರಾಯದ ಜೊತೆಗೆ, ಆ ಸಾಮಗ್ರಿ ಹಿಡಿದು ಪಾಠ ಮಾಡಿದ ಶಿಕ್ಷಕರ ಅಭಿಪ್ರಾಯ, ಕಲಿತ ಮಕ್ಕಳ ಅಭಿಪ್ರಾಯ ಎರಡನ್ನೂ ಕೇಳಿ ಸೇರಿಸುವ ವ್ಯವಸ್ಥೆ ಇತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಂಡದ ಪದ್ಧತಿ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು ಅದು. ಅವರು ಒಂದು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲೇ ಆಡಿಸಿ ನೋಡುವ ಪ್ರಯೋಗ, ತಯಾರಿಸುವಾಗ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅದನ್ನು ಆಡಿಸುತ್ತ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲು ಬಿಡುತ್ತಾರೆ. ಎಲ್ಲಿ ತಪ್ಪು ತಿಳಿದುಕೊಂಡರು ಅಂತ ನೋಡಿ ತಿದ್ದುತ್ತಾರೆ. ವಿದ್ಯುತ್ ಮಂಡಲದ ಅವರ ಸಿಮ್ಯುಲೇಶನ್ ನೋಡಿ. ಬಲ್ಬಿಗೆ ಹೋಗುವ ಮುಂಚೆ ಎಲೆಕ್ಟ್ರಾನುಗಳು ಎಷ್ಟು ವೇಗದಲ್ಲಿ ಹರಿಯುತ್ತವೋ ಬಲ್ಬು ದಾಟಿದ ಮೇಲೂ ಅಷ್ಟೇ ವೇಗದಲ್ಲಿ ಹರಿಯುತ್ತವೆ. ನಮ್ಮಲ್ಲಿ ಓಡಾಡುವ ಒಂದು ವಿಡಿಯೊದಲ್ಲಿ ಬಲ್ಬು ದಾಟಿದ ಮೇಲೆ ಬಾಣದ ಗುರುತು ತೆಳ್ಳಗಾಗುತ್ತದೆ. ಚಿತ್ರ ಬಿಡಿಸಿದವರಿಗೆ ಅದು ಅಂದಕ್ಕೆ ಇದ್ದಿರಬಹುದು. ಮಕ್ಕಳು ಮಾತ್ರ 'ಬಲ್ಬು ಉರಿಸಿ ಕರೆಂಟು ಖರ್ಚಾಯ್ತು' ಅಂತ ಓದಿಕೊಳ್ಳುತ್ತಾರೆ. ಖರ್ಚಾಗುವುದು ಶಕ್ತಿ, ವಿದ್ಯುತ್ ಪ್ರವಾಹ ಎರಡೂ ಕಡೆ ಒಂದೇ. ಆ ತೆಳ್ಳಗಿನ ಬಾಣವನ್ನು ಮಕ್ಕಳ ತಲೆಯಿಂದ ತೆಗೆಯಲು ಎರಡು ಪೀರಿಯಡ್ ಬೇಕಾಗುತ್ತದೆ.

ಋತುಗಳ ಪಾಠದಲ್ಲೂ ಇದೇ ಕಥೆ. ಭೂಮಿಯ ಕಕ್ಷೆಯನ್ನು ಓರೆಯಿಂದ ನೋಡಿದ ಹಾಗೆ ಬಿಡಿಸಿರುತ್ತಾರೆ, ಉದ್ದನೆಯ ಮೊಟ್ಟೆಯಾಕಾರ ಕಾಣುತ್ತದೆ. ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ ಅಂತ ಮಕ್ಕಳು ತಾವೇ ತೀರ್ಮಾನಿಸುತ್ತಾರೆ. ನಿಜವಾಗಿ ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರ ಅತಿ ದೂರ, 15.2 ಕೋಟಿ. ಶಿರಸಿಯಲ್ಲಿ ಕಂಬಳಿ ಹೊದ್ದುಕೊಳ್ಳುವ ದಿನಗಳಲ್ಲೇ ಸೂರ್ಯ ಹತ್ತಿರ ಇರುತ್ತಾನೆ ಅಂದರೆ ಮಕ್ಕಳು ಮೊದಲು ನಂಬುವುದಿಲ್ಲ.

ಇನ್ನು 'ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ' ಅನ್ನುವ ವಾಕ್ಯ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನಟ್ಟ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೊಮ್ಮೆ. ಆಗಸ್ಟಿನಲ್ಲಿ ಮೋಡ, ಮಳೆ. ಅದೂ ಗಡಿಯಾರದ 12ಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಭಾರತದ ಸಮಯವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆದರೆ ಯಾವ ಮಗುವೂ ಇದನ್ನು ಕಂಡುಕೊಳ್ಳುತ್ತದೆ. ಆ ಕೋಲಿನ ಮಾತು ಡಿಜಿಟಲ್ ಪಾಠದೊಳಗೆ ಇಲ್ಲದಿದ್ದರೆ ಆ ಪಾಠ ನನ್ನ ಲೆಕ್ಕದಲ್ಲಿ ಅರ್ಧ.

ಈಗ ಎಐ ಬಿಡಿಸಿದ ಚಿತ್ರಗಳೂ ಬಂದು ಸೇರುತ್ತಿವೆ. ರಕ್ತನಾಳ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗಿರುತ್ತದೆ, ಬಣ್ಣ ಮಾತ್ರ ಅದ್ಭುತ. ನೋಡಿದವರ ಸಂಖ್ಯೆ, ಅವರು ಕೊಟ್ಟ ರೇಟಿಂಗ್ ನಕ್ಷತ್ರಗಳ ಸಂಖ್ಯೆ ಇಂಥದ್ದನ್ನು ಹಿಡಿಯುವುದಿಲ್ಲ. ಪರೀಕ್ಷೆಯ ಹಿಂದಿನ ವಾರ ಎಲ್ಲ ವಿಡಿಯೊಗಳನ್ನೂ ಎಲ್ಲರೂ ನೋಡುತ್ತಾರೆ.

ತಾರೀಕಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಸಿಟ್ಟು ಬರುವಷ್ಟು ಉದಾಸೀನ ಕಾಣುತ್ತದೆ. ಪ್ಯಾರಿಸ್ ಬಳಿ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ಉರುಳೆಯೇ ಕಿಲೋಗ್ರಾಮಿನ ಅಳತೆ ಅಂತ ಹೇಳುವ ಪಾಠಗಳು ಇವತ್ತಿಗೂ ತೆರೆದುಕೊಳ್ಳುತ್ತವೆ. 2019ರ ಮೇ 20ರಿಂದ ಅದು ಹಾಗಿಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ, ಎಂದೂ ಬದಲಾಗದ ಸಂಖ್ಯೆಯ ಮೇಲೆ ಕಿಲೋಗ್ರಾಮನ್ನು ಹೊಸದಾಗಿ ನಿರೂಪಿಸಿದ್ದಾರೆ. ಇಲ್ಲಿ ಹೋಗುವುದು ಒಂದು ಅಂಕ ಇರಬಹುದು. ಆದರೆ ಎಲ್ಲ ಹಳೆಯ ಪಾಠಗಳೂ ಇಷ್ಟು ಸಾಧು ಅಲ್ಲ.

ಮಂಗನ ಕಾಯಿಲೆಯ ಪಾಠ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ ಇದು. ನಮ್ಮ ಸಿದ್ದಾಪುರದ ಕಡೆ ಇದರಿಂದ ಜನ ಸತ್ತಿದ್ದಾರೆ. ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿದ ಎಲೆ) ತರಲು ಹೋಗುವ ಮನೆಗಳ ಮಕ್ಕಳಿಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರ ಅಲ್ಲ. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಸುತ್ತಲೂ ಹರಡುತ್ತವೆ. ಹಾಗಾಗಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಇಷ್ಟು ಗೊತ್ತಿದ್ದರೆ ಒಂದು ಜೀವ ಉಳಿಯಬಹುದು.

ಆದರೆ ಹಳೆಯ ಪಾಠಗಳಲ್ಲಿ 'ಲಸಿಕೆ ಹಾಕಿಸಿಕೊಂಡರೆ ರಕ್ಷಣೆ ಸಿಗುತ್ತದೆ' ಎಂಬ ಸಾಲು ಹಾಗೆಯೇ ಇದೆ. ಆ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಅಂತ ಗೊತ್ತಾಗಿ 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಪಾಠ ಬರೆದವರು ಬರೆದ ದಿನ ಸರಿಯಾಗಿಯೇ ಬರೆದಿದ್ದರು. ಯಾವ ವರ್ಷ ಬರೆದದ್ದು ಅಂತ ಮಾತ್ರ ಎಲ್ಲೂ ಇಲ್ಲ. ಮಾತ್ರೆಯ ಪಟ್ಟಿಯ ಮೇಲೆ ತಾರೀಕು ನೋಡದೆ ನಾವು ಮಗುವಿಗೆ ಮಾತ್ರೆ ಕೊಡುವುದಿಲ್ಲ. ಪಾಠಕ್ಕೂ ಆ ತಾರೀಕು ಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಿ, ಗಾಯ ಕೊಯ್ದು ರಕ್ತ ಹರಿಸಿ ಎನ್ನುವ ವಿಡಿಯೊಗಳಿಗಂತೂ ತಾರೀಕೂ ಬೇಡ, ನೇರವಾಗಿ ತೆಗೆದು ಹಾಕಬೇಕು. ಹಾಗೆ ಕಟ್ಟುವುದರಿಂದ, ಕೊಯ್ಯುವುದರಿಂದ ಅಪಾಯವೇ ಜಾಸ್ತಿ. ಕಚ್ಚಿದ ಭಾಗ ಅಲ್ಲಾಡದಂತೆ ಇಟ್ಟು ಬೇಗ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ.

ತಿದ್ದುಪಡಿ ಆಯಿತು ಅಂತಲೇ ಇಟ್ಟುಕೊಳ್ಳೋಣ. ಅದು ನಮ್ಮ ಶಾಲೆಗೆ ಮುಟ್ಟುವುದು ಹೇಗೆ? ಮಳೆಗಾಲದಲ್ಲಿ ಕರೆಂಟು ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟು ಇಲ್ಲ. ಆದ್ದರಿಂದ ನಾವೆಲ್ಲ ಬೇಸಿಗೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್ ಡ್ರೈವ್‌ಗೆ ತುಂಬಿಕೊಳ್ಳುತ್ತೇವೆ. ಅಲ್ಲಿಂದ ಪಕ್ಕದ ಶಾಲೆಗೆ, ಅಲ್ಲಿಂದ ವಾಟ್ಸಾಪ್‌ಗೆ. ಎರಡು ಕೈ ದಾಟುವಷ್ಟರಲ್ಲಿ ಬರೆದವರ ಹೆಸರಿಲ್ಲ, ವರ್ಷ ಇಲ್ಲ, ಕಡತದ ಹೆಸರು ಬರೀ ಅಂಕಿಗಳ ಸಾಲು. ಜಾಲತಾಣದಲ್ಲಿ ಎಷ್ಟು ಚೆನ್ನಾಗಿ ವಿವರ ಬರೆದಿಟ್ಟರೂ ಅದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಆ ವಿವರ ಪಾಠದ ಒಳಗೇ ಇರಬೇಕು. ವಿಡಿಯೊ ಆದರೆ ಮೊದಲ ದೃಶ್ಯದಲ್ಲಿ, ಪುಟ ಆದರೆ ಕೆಳಗಿನ ಅಂಚಿನಲ್ಲಿ. ಯಾರು ಮಾಡಿದ್ದು, ಯಾರು ಪರಿಶೀಲಿಸಿದ್ದು, ಯಾವ ತಿಂಗಳು, ಹೊಸ ಪ್ರತಿ ಎಲ್ಲಿ ಸಿಗುತ್ತದೆ. ಇದಕ್ಕೆ ದೊಡ್ಡ ಯೋಜನೆಯಾಗಲಿ ದುಡ್ಡಾಗಲಿ ಬೇಕಿಲ್ಲ. ಸಂಗ್ರಹ ನಡೆಸುವವರು ಕಡ್ಡಾಯ ಮಾಡಿದರೆ ಸಾಕು.

ಇನ್ನೊಂದು, ತಪ್ಪು ಕಂಡವರ ಮಾತಿಗೆ ಉತ್ತರ ಕೊಡುವ ಮನುಷ್ಯರು. ಒಂದು ಸಂಗ್ರಹದಲ್ಲಿ ತಪ್ಪು ತಿಳಿಸಲೆಂದೇ ಇರುವ ಗುಂಡಿ ಒತ್ತಿ, ಆ ತೆಳ್ಳಗಿನ ಬಾಣದ ಬಗ್ಗೆ ವಿವರವಾಗಿ ಬರೆದು ಕಳಿಸಿದ್ದೆ. 'ಧನ್ಯವಾದಗಳು' ಅಂತ ತಕ್ಷಣ ಬಂತು. ಮರುವರ್ಷ ಪಾಠ ತೆರೆದರೆ ಬಾಣ ಹಾಗೇ ಇತ್ತು. ಹೀಗಾದರೆ ಎಷ್ಟು ಶಿಕ್ಷಕರು ಎರಡನೇ ಸಲ ಬರೆಯುತ್ತಾರೆ? ಈ ವಿಷಯದಲ್ಲಿ ವಿಕಿ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ. ಕರ್ನಾಟಕದ ಮುಕ್ತ ಸಂಪನ್ಮೂಲಗಳ ವಿಕಿಯಲ್ಲಿ ಪ್ರತಿ ಪುಟಕ್ಕೂ ಇತಿಹಾಸ ಇದೆ. ಯಾವ ದಿನ ಏನು ಬದಲಾಯಿತು, ಮೊದಲು ಏನಿತ್ತು ಅಂತ ಯಾರು ಬೇಕಾದರೂ ನೋಡಬಹುದು. ಮುಕ್ತ ಪರವಾನಗಿ ಇರುವ ಪಾಠ ಆದರೆ ನಾವೇ ತಿದ್ದಿ, ಮೂಲದವರ ಹೆಸರು ಉಳಿಸಿ, ಮತ್ತೆ ಹಂಚಬಹುದು. ಬೀಗ ಹಾಕಿದ ವಿಡಿಯೊದ ತಪ್ಪು ಎಲ್ಲರಿಗೂ ಕಾಣುತ್ತದೆ, ಕೈ ಹಾಕಲು ಯಾರಿಗೂ ಆಗುವುದಿಲ್ಲ.

ಪರಿಶೀಲಿಸಲು ಜನ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲಿದೆ. ಕುಮಟಾದಲ್ಲಿ, ಶಿರಸಿಯಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಸಂಸ್ಥೆಗಳಿವೆ. ಸಮುದ್ರದ ಆಹಾರ ಸರಪಳಿ ಅಂತ ಹುಡುಕಿದರೆ ಪೆಂಗ್ವಿನ್, ಸೀಲ್ ಬರುತ್ತವೆ. ಅವೂ ನಿಜವೇ. ಆದರೆ ಕಣ್ಣಿಗೆ ಕಾಣದ ಸಸ್ಯ ಪ್ಲಾಂಕ್ಟನ್ ತಿಂದು ಬದುಕುವ ತಾರ್ಲೆ, ಅಂಥ ಸಣ್ಣ ಮೀನು ಹಿಡಿದು ತಿನ್ನುವ ಅಂಜಲ್ ಕಾರವಾರದ ಮಾರ್ಕೆಟ್ಟಿನಲ್ಲಿ ದಿನಾ ಕಾಣುತ್ತವೆ. ಆ ಸರಪಳಿಯ ಪಾಠವನ್ನು ಒಬ್ಬ ಸಾಗರ ವಿಜ್ಞಾನಿ ಒಂದು ಮಧ್ಯಾಹ್ನ ಕೂತು ನೋಡಿದರೆ ಕರಾವಳಿಯ ಎಲ್ಲ ಶಾಲೆಗಳಿಗೂ ಆಯಿತು. ಅಘನಾಶಿನಿ ಅಳಿವೆ 2024ರಲ್ಲಿ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿನ ಗಜನಿ ಗದ್ದೆಯಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಬಗ್ಗೆ ಪಾಠ ಮಾಡಿದರೆ, ಅದನ್ನು ಬೆಳೆದವರೂ ಅದರ ಪರಿಶೀಲಕರಾಗಬೇಕು. ಅವರಿಗೆ ಗೊತ್ತಿರುವುದು ಎಷ್ಟೋ ಪುಸ್ತಕಗಳಲ್ಲಿ ಇಲ್ಲ.

ನಾವು ಕೆಲವು ವಿಜ್ಞಾನ ಶಿಕ್ಷಕರು ಸೇರಿ ಒಂದು ಶೀಟ್ ಇಟ್ಟುಕೊಂಡಿದ್ದೇವೆ. ಯಾವ ಪಾಠ, ಎಲ್ಲಿ ಸಿಕ್ಕಿತು, ಯಾರು ಪೂರ್ತಿ ನೋಡಿದರು, ಯಾವ ತರಗತಿಗೆ ತೋರಿಸಿದರು. ಕೊನೆಯದು 'ಮಕ್ಕಳು ಕೇಳಿದ್ದು'. ಈ ಕೊನೆಯ ಅಂಕಣವೇ ಬೇಗ ತುಂಬುತ್ತದೆ, ಮತ್ತು ಮುಂದಿನ ವರ್ಷ ಪಾಠಕ್ಕೆ ಕೂತಾಗ ನಾನು ಮೊದಲು ಓದುವುದೂ ಅದನ್ನೇ. ಎರಡು ಭರತಿಯ ಪ್ರಶ್ನೆ ಅಲ್ಲಿದೆ. 'ಸತ್ತ ಮಂಗನ್ನ ಸುಟ್ರೆ ಉಣುಗು ಸಾಯ್ತದಾ?' ಅನ್ನುವ ಸಿದ್ದಾಪುರದ ಹುಡುಗನ ಪ್ರಶ್ನೆಯೂ ಇದೆ.

ಆ ಪ್ರಶ್ನೆ ಬಂದ ಶಾಲೆಯ ಗೆಳತಿ ಈಗ ಮಂಗನ ಕಾಯಿಲೆಯ ಪಾಠವನ್ನು ಹೊಸದಾಗಿ ಬರೆಯುತ್ತಿದ್ದಾಳೆ. ಲಸಿಕೆಯ ಸಾಲು ತೆಗೆದಿದ್ದಾಳೆ. ಮೊದಲ ಪುಟದಲ್ಲೇ ತಿಂಗಳು, ವರ್ಷ ಹಾಕಿದ್ದಾಳೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರೊಬ್ಬರು ಓದಿ ತಿದ್ದಿಕೊಡಲು ಒಪ್ಪಿದ್ದಾರೆ. ಡಿಸೆಂಬರ್ ಹೊತ್ತಿಗೆ ಕಾಯಿಲೆಯ ಕಾಲ ಶುರುವಾಗುತ್ತದೆ, ಅದಕ್ಕೂ ಮುಂಚೆ ಇದು ತರಗತಿಗಳಿಗೆ ಮುಟ್ಟಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರದ ಕಡೆ ಹೈಸ್ಕೂಲಿಗೆ ಪಾಠ ಮಾಡುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಪಾಠ ಕೈಗೆ ಬಂದಾಗ ಒಂದು ಪೀರಿಯಡ್ ಅದಕ್ಕೆ ಕೊಡಿ. ನಿಮ್ಮ ಮಕ್ಕಳು ಏನು ಕೇಳಿದರು ಅಂತ ಅವರದೇ ಮಾತಿನಲ್ಲಿ ಬರೆದು ಕಳಿಸಿ, ಎರಡೇ ಸಾಲಾದರೂ ಪರವಾಗಿಲ್ಲ.